ಒಡೆದರೆ ಯಾರು ಹೊಣೆ?

ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಹೆಡ್‌ಮಾಸ್ತರರ ಕೋಣೆಯ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಅಲ್ಲೊಂದು ಕಬ್ಬಿಣದ ಬೀರು ಇರುತ್ತದೆ. ಅದರ ತಲೆಯ ಮೇಲೆ ಅಕ್ಷ ಸಡಿಲಗೊಂಡು ಇಪ್ಪತ್ತಮೂರೂವರೆ ಡಿಗ್ರಿಗಿಂತ ತುಸು ಹೆಚ್ಚೇ ವಾಲಿದ ಗ್ಲೋಬು, ಸುತ್ತಿಟ್ಟ ನಕ್ಷೆಗಳು, ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಮಾತ್ರ ಕೆಳಗಿಳಿಯುವ ಡೋಲು. ಹೊಟ್ಟೆಯೊಳಗೆ ಬೀಕರು, ಪ್ರನಾಳ, ಪಿಪೆಟ್ಟು, ಗಾಜಿನ ಪ್ರಿಸಂ, ಒಂದೆರಡು ಮಸೂರ, ಕೆಂಪು ಬಣ್ಣದ ದಂಡಕಾಂತಗಳು, ಪುಣ್ಯವಿದ್ದರೆ ಒಂದು ಸೂಕ್ಷ್ಮದರ್ಶಕ. ಪ್ರತಿಯೊಂದಕ್ಕೂ ಬಿಳಿ ಪೇಂಟಿನಲ್ಲಿ ಒಂದು ನಂಬರು. ಆ ನಂಬರಿಗೆ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲು. ಆ ಸಾಲಿನ ಕೊನೆಗೆ ಒಂದು ಸಹಿ. ಬೀಗದ ಕೈ ಮೇಜಿನ ಡ್ರಾಯರಿನಲ್ಲಿ. ಡ್ರಾಯರಿಗೂ ಬೀಗ.

ಇಷ್ಟು ಹೇಳಿ ಹೆಡ್‌ಮಾಸ್ತರರನ್ನು ಗೇಲಿ ಮಾಡುವವರು ಬಹಳ ಜನ. ನಾನು ಆ ಗುಂಪಿಗೆ ಸೇರುವುದಿಲ್ಲ. ಅವರ ಕಷ್ಟವನ್ನೂ ನೋಡಿ. ವರ್ಗವಾದರೆ ಚಾರ್ಜ್ ಕೊಡಬೇಕು. ಹೊಸದಾಗಿ ಬಂದವರು ರಿಜಿಸ್ಟರು ಹಿಡಿದು ಒಂದೊಂದೇ ಸಾಮಾನು ಎಣಿಸಿಕೊಳ್ಳುತ್ತಾರೆ. ಇಪ್ಪತ್ತನಾಲ್ಕು ಪ್ರನಾಳ ಎಂದು ಬರೆದಿದ್ದು ಹತ್ತೊಂಬತ್ತೇ ಸಿಕ್ಕರೆ ಉಳಿದ ಐದು ಏನಾದವು? ಪಾಠ ಮಾಡುವಾಗ ಒಡೆದವು ಎಂದರೆ, ಒಡೆದ ಚೂರು ಎಲ್ಲಿ, ಲೆಕ್ಕದಿಂದ ತೆಗೆಯಲು ಅನುಮತಿ ಪಡೆದ ಕಾಗದ ಎಲ್ಲಿ? ನಿವೃತ್ತಿಯ ಹೊತ್ತಿಗೆ ಬೇಬಾಕಿ ಪತ್ರ ಬೇರೆ ಬೇಕು. ಜೀವಮಾನವಿಡೀ ಪಾಠ ಹೇಳಿದವರು ಕೊನೆಗೆ ಪೇಟೆಗೆ ಹೋಗಿ, ಕೈಯಿಂದ ದುಡ್ಡು ಹಾಕಿ ಪ್ರನಾಳ ತಂದು ಲೆಕ್ಕ ಸರಿಮಾಡಿದ್ದೂ ಉಂಟು. ಹೀಗಿರುವಾಗ ಏಳನೆಯ ಕ್ಲಾಸಿನ ಹುಡುಗನ ಕೈಗೆ ಗಾಜಿನ ಸಾಮಾನು ಕೊಡಲು ಯಾರಿಗೆ ಧೈರ್ಯ ಬಂದೀತು? ಮಗು ಬೀಕರಿನ ಕಡೆಗೆ ಕೈ ಚಾಚಿದೊಡನೆ ಮೇಷ್ಟ್ರ ಬಾಯಿಂದ ಹೊರಡುವ ಮಾತು ನ್ಯೂಟನ್ನನ ನಿಯಮಗಳಿಗಿಂತ ಖಚಿತ: "ಒಡೆದರೆ ಯಾರು ಹೊಣೆ?"

ತಮಾಷೆಯೆಂದರೆ, ಬೀಗ ಹಾಕಿದ ಮಾತ್ರಕ್ಕೆ ಈ ಸಾಮಾನು ಸುಮ್ಮನೆ ಕೂರುವುದಿಲ್ಲ. ದಂಡಕಾಂತಗಳನ್ನು ಜೋಡಿಯಾಗಿ, ಒಂದರ ಉತ್ತರ ಧ್ರುವದ ಪಕ್ಕಕ್ಕೆ ಇನ್ನೊಂದರ ದಕ್ಷಿಣ ಧ್ರುವ ಬರುವಂತೆ ಮಲಗಿಸಿ, ಎರಡೂ ತುದಿಗೆ ಮೆದು ಕಬ್ಬಿಣದ ತುಂಡು ಇಡಬೇಕು. ಹಾಗಲ್ಲದೆ ಡಬ್ಬಿಗೆ ಸುರಿದಿಟ್ಟರೆ ವರ್ಷ ಕಳೆದಂತೆ ಕಾಂತತ್ವ ಸೋರಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟನ್ನು ನೋಡಲೆಂದು ತಂದ ಯಂತ್ರವನ್ನು ಬೂಷ್ಟೇ ತಿಂದು ಮುಗಿಸುತ್ತದೆ. ಬ್ಯಾಟರಿ ಹಾಕಿಟ್ಟ ಟಾರ್ಚು ತನ್ನಷ್ಟಕ್ಕೇ ಕಕ್ಕಿಕೊಂಡು ಹಸಿರಾಗುತ್ತದೆ. ರಿಜಿಸ್ಟರಿನಲ್ಲಿ ಮಾತ್ರ ಕಾಂತ ಇನ್ನೂ ಕಾಂತವೇ, ಮಸೂರ ಇನ್ನೂ ಮಸೂರವೇ. ಆಡಿಟಿನವರು ಎಣಿಸುತ್ತಾರೆ, ಕಬ್ಬಿಣದ ಪುಡಿ ಹಾಕಿ ನೋಡುವುದಿಲ್ಲ.

ಈ ಬೀರುವಿನ ರೋಗಕ್ಕೆ ಮದ್ದು ಹುಡುಕಿದವರು ನಮ್ಮ ದೇಶದಲ್ಲಿ ಇದ್ದರು. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಒಂದು ಪ್ರಯೋಗ ಶುರುವಾಯಿತು. ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸೇರಿ ಹದಿನಾರು ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನವನ್ನು ಮಾಡಿ ಕಲಿಸುತ್ತೇವೆ ಎಂದು ಹೊರಟವು. ದಿಲ್ಲಿ ವಿಶ್ವವಿದ್ಯಾಲಯದ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಗೆ ಬಂದು ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತರು. ಮಕ್ಕಳು ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಂಡು ಪ್ರಯೋಗ ಮಾಡಬೇಕು, ಕಂಡದ್ದನ್ನು ಬರೆಯಬೇಕು, ಬರೆದದ್ದರ ಮೇಲೆ ಜಗಳವಾಡಬೇಕು. ಪುಸ್ತಕದಲ್ಲಿ ಸಿದ್ಧ ಉತ್ತರ ಇರುವುದಿಲ್ಲ. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಉತ್ತರವೇ ಇಲ್ಲದ ಪುಸ್ತಕ ತೆರೆದಿಟ್ಟು ಏನು ಮಾಡುವುದು ಎಂದು ಕಾಪಿ ಹೊಡೆಯುವ ಹುಡುಗರಿಗೆ ಎಷ್ಟು ದುಃಖವಾಗಿರಬೇಡ! 1978ರಲ್ಲಿ ಇದು ಇಡೀ ಜಿಲ್ಲೆಗೆ ಹಬ್ಬಿತು; 1982ರಲ್ಲಿ ಇದನ್ನು ನಡೆಸಿಕೊಂಡು ಹೋಗಲು ಏಕಲವ್ಯ ಎಂಬ ಸಂಸ್ಥೆ ಹುಟ್ಟಿತು.

ಆ 1978ರಲ್ಲೇ ಅಲ್ಲಿಗೆ ಪುಣೆಯ ಲಾರಿ ಕಾರ್ಖಾನೆಯಿಂದ ಒಂದು ವರ್ಷ ರಜೆ ಹಾಕಿ ಒಬ್ಬ ಯುವ ಎಂಜಿನಿಯರ್ ಬಂದ. ಕಾನ್ಪುರದ ಐಐಟಿಯಲ್ಲಿ ಓದಿದವನು. ಹೆಸರು ಅರವಿಂದ ಗುಪ್ತ. ಆತ ಕಂಡುಕೊಂಡ ಮಹಾಯಂತ್ರ ಯಾವುದು ಗೊತ್ತೇ? ಸೈಕಲ್ಲಿನ ವಾಲ್ವ್ ಟ್ಯೂಬು ಮತ್ತು ಬೆಂಕಿಕಡ್ಡಿ. ವಾಲ್ವ್ ಟ್ಯೂಬನ್ನು ಚೂರು ಚೂರು ಕತ್ತರಿಸಿ, ಎರಡು ತುದಿಯಿಂದ ಎರಡು ಕಡ್ಡಿ ತೂರಿಸಿದರೆ ಒಂದು ಕೀಲು. ಮೂರು ಕಡ್ಡಿ ಸೇರಿಸಿದರೆ ತ್ರಿಕೋನ. ಎಷ್ಟು ಒತ್ತಿದರೂ ಅಲುಗುವುದಿಲ್ಲ. ನಾಲ್ಕು ಕಡ್ಡಿ ಸೇರಿಸಿದರೆ ಚೌಕ. ಒಂದು ಬೆರಳು ತಾಗಿದರೆ ವಾಲಿಕೊಂಡು ವಜ್ರಾಕೃತಿಯಾಗುತ್ತದೆ. ಅದಕ್ಕೆ ಓರೆಯಾಗಿ ಒಂದು ಕಡ್ಡಿ ಕೊಟ್ಟರೆ ಮತ್ತೆ ಗಟ್ಟಿ. ಇಷ್ಟಾದ ಮೇಲೆ ಮಗು ಮನೆಗೆ ಹೋಗಿ ತಲೆ ಎತ್ತಿದರೆ ಹೆಂಚಿನ ಮಾಡಿನಲ್ಲಿ ತ್ರಿಕೋನ, ಬಸ್ಸಿನಲ್ಲಿ ಹೋಗುವಾಗ ರೈಲು ಸೇತುವೆಯಲ್ಲಿ ತ್ರಿಕೋನ, ಊರಾಚೆ ಗುಡ್ಡದ ಮೇಲಿನ ಮೊಬೈಲ್ ಟವರಿನ ತುಂಬ ತ್ರಿಕೋನ. ಮುರಿದರೆ ಮುರಿದದ್ದು ಬೆಂಕಿಕಡ್ಡಿ. ಅದಕ್ಕೆ ನಂಬರಿಲ್ಲ, ಸಹಿ ಇಲ್ಲ, ಯಾರ ಪಿಂಚಣಿಗೂ ತೊಂದರೆಯಿಲ್ಲ. ಗುಪ್ತರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೊಶಂಗಾಬಾದಿನ ಕಾರ್ಯಕ್ರಮವನ್ನು ಮಾತ್ರ 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿತು. ಮೂವತ್ತು ವರ್ಷ ನಡೆದದ್ದು ಒಂದು ಆದೇಶಕ್ಕೆ ನಿಂತಿತು. ಜಿಲ್ಲೆಗೂ ಈಗ ಆ ಹೆಸರಿಲ್ಲ, ನರ್ಮದಾಪುರಂ ಎನ್ನುತ್ತಾರೆ.

ಸೈಕಲ್ಲಿನ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ನಮ್ಮ ಕರ್ನಾಟಕ ಸರ್ಕಾರ ಮಕ್ಕಳಿಗೆ ಕೊಟ್ಟ ಅತ್ಯುತ್ತಮ ವಿಜ್ಞಾನ ಪ್ರಯೋಗಾಲಯ ಯಾವುದು ಎಂದರೆ 2006–07ರಿಂದ ಎಂಟನೆಯ ತರಗತಿಯವರಿಗೆ ಹಂಚಿದ ಸೈಕಲ್ಲು ಎನ್ನುತ್ತೇನೆ. ಕೊಟ್ಟವರ ಮನಸ್ಸಿನಲ್ಲಿ ವಿಜ್ಞಾನ ಇರಲಿಲ್ಲ, ಹಾಜರಾತಿ ಇತ್ತು. ಅದು ಬೇರೆ ಮಾತು. ಆದರೆ ಕೊಟ್ಟ ಮೇಲೆ ಅದರ ಬೀಗದ ಕೈ ಮಗುವಿನ ಹತ್ತಿರ ಇತ್ತು. ಚೈನು ಕಳಚಿದರೆ ದಾರಿಯಲ್ಲಿ ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿ, ಪೆಡಲು ಹಿಂದಕ್ಕೆ ತಿರುಗಿಸುತ್ತಾ ಹಲ್ಲಿಗೆ ಚೈನು ಕೂರಿಸಿ, ಕೈಯ ಗ್ರೀಸನ್ನು ರಸ್ತೆ ಬದಿಯ ಹುಲ್ಲಿಗೆ ಒರೆಸಿಕೊಂಡು ಹೊರಡುವ ಹುಡುಗಿಯರನ್ನು ಯಾವ ಹಳ್ಳಿಯ ದಾರಿಯಲ್ಲಾದರೂ ನೋಡಬಹುದಿತ್ತು. ಮುಂದಿನ ಚಕ್ರದ ಹಲ್ಲು ಎಣಿಸಿ ಹಿಂದಿನದರಿಂದ ಭಾಗಿಸಿದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಎಷ್ಟು ಸುತ್ತು ಬಂತೆಂದು ಸಿಗುತ್ತದೆ. 44ಕ್ಕೆ 18 ಇದ್ದರೆ ಎರಡೂವರೆಗೆ ತುಸು ಕಮ್ಮಿ. ಗಾಲಿಯ ಸುತ್ತಳತೆಯನ್ನು ದಾರದಲ್ಲಿ ಅಳೆದುಕೊಂಡರೆ ಮನೆಯಿಂದ ಶಾಲೆಗೆ ಎಷ್ಟು ಪೆಡಲು ಎಂಬ ಲೆಕ್ಕ ಸಿಗುತ್ತದೆ. ಅನುಪಾತ, ಪರಿಧಿ, ಘರ್ಷಣೆ, ಸನ್ನೆ, ಎಲ್ಲ ಒಂದೇ ಸ್ಟ್ಯಾಂಡಿನ ಮೇಲೆ ನಿಂತಿದ್ದವು. ಇಡೀ ಎಂಟನೆಯ ತರಗತಿಯ ಗಣಿತವನ್ನು ಆ ಸೈಕಲ್ಲಿನ ಮೇಲೆ ಕೂರಿಸಬಹುದಿತ್ತು. ಆದರೆ ಶಾಲೆಯ ಗೇಟಿನೊಳಗೆ ಬಂದ ಕೂಡಲೇ ಸೈಕಲ್ಲು ಸ್ಟ್ಯಾಂಡಿಗೆ ಹೋಗುತ್ತಿತ್ತು, ಹುಡುಗಿ ಬೆಂಚಿಗೆ ಹೋಗುತ್ತಿದ್ದಳು, ಅನುಪಾತ ಕಪ್ಪುಹಲಗೆಗೆ ಹೋಗುತ್ತಿತ್ತು.

ಕೈಯಿಂದ ಕಲಿಯಬೇಕು ಎಂಬುದು ಹೊಸ ವಿಚಾರವೇನಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣದ ಸಮ್ಮೇಳನ ಕರೆದರು. ಜಾಕಿರ್ ಹುಸೇನ್ ಅವರ ಸಮಿತಿ ನಯೀ ತಾಲೀಮ್ ಎಂಬ ಮೂಲ ಶಿಕ್ಷಣದ ಯೋಜನೆ ಬರೆಯಿತು. ಪಾಠಗಳ ಜೊತೆಗೆ ಕೈಕೆಲಸವನ್ನೂ ಕಲಿಸಿ ಎಂದಷ್ಟೇ ಅವರು ಹೇಳಲಿಲ್ಲ. ಕೈಕೆಲಸದ ಮೂಲಕವೇ ಎಲ್ಲ ಪಾಠವನ್ನೂ ಕಲಿಸಿ ಎಂದರು. ಹತ್ತಿ ಎಲ್ಲಿ ಬೆಳೆಯುತ್ತದೆ ಎನ್ನುವಲ್ಲಿ ಭೂಗೋಳ, ಮಗ್ಗ ಯಾಕೆ ಮೂಲೆಗೆ ಬಿತ್ತು ಎನ್ನುವಲ್ಲಿ ಚರಿತ್ರೆ, ನೂಲಿನ ಉದ್ದ ತೂಕದಲ್ಲಿ ಗಣಿತ. ತಕಲಿಯನ್ನೇ ತೆಗೆದುಕೊಳ್ಳಿ. ಸಪೂರ ಕಡ್ಡಿಯನ್ನು ಬೆರಳಿನಿಂದ ಹೊಸೆದರೆ ಬೇಗ ತಿರುಗುತ್ತದೆ. ಕೆಳಗಿನ ಬಿಲ್ಲೆ ಆ ತಿರುಗಾಟವನ್ನು ನಿಲ್ಲಗೊಡುವುದಿಲ್ಲ. ಬಿಲ್ಲೆ ದೊಡ್ಡದಾದರೆ ಏನಾಗುತ್ತದೆ, ಚಿಕ್ಕದಾದರೆ ಏನಾಗುತ್ತದೆ? ಎಳೆದರೆ ಕಿತ್ತುಬರುವ ಹತ್ತಿಯ ನಾರು ಹುರಿಗೊಂಡರೆ ಯಾಕೆ ಗಟ್ಟಿ? ಎರಡು ಎಳೆಯನ್ನು ಉಲ್ಟಾ ದಿಕ್ಕಿಗೆ ಹೊಸೆದರೆ ಬಿಚ್ಚಿಕೊಳ್ಳುವುದಿಲ್ಲವಲ್ಲ, ಯಾಕೆ? ಒಂದು ವರ್ಷದ ವಿಜ್ಞಾನ ಅಲ್ಲಿದೆ. ಆದರೆ ಮೇಲಿನಿಂದ ಬಂದು ನೋಡುವವರಿಗೆ ಪ್ರಶ್ನೆಯನ್ನು ಎಣಿಸುವುದು ಕಷ್ಟ, ನೂಲಿನ ಲಡಿಯನ್ನು ಎಣಿಸುವುದು ಸುಲಭ. ಹಾಗಾಗಿ ಲಡಿ ಉಳಿಯಿತು, ಪ್ರಶ್ನೆ ಹೋಯಿತು, ಆಮೇಲೆ ಲಡಿಯೂ ಹೋಯಿತು. ನಂತರ ಬಂದ ಕಾರ್ಯಾನುಭವದ ಪೀರಿಯಡ್ಡಿನಲ್ಲಿ ನಮ್ಮ ತಲೆಮಾರು ಪಡೆದ ಅನುಭವ ಮುಖ್ಯವಾಗಿ ಮೈದಾನದ ಕಲ್ಲು ಹೆಕ್ಕುವುದು ಮತ್ತು ಗಿಡಗಳಿಗೆ ನೀರು ಹೊರುವುದು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ. ನೀರು ತುಂಬಿದ ಬಕೆಟ್ಟನ್ನು ಇಬ್ಬರು ಕೋಲಿಗೆ ಸಿಕ್ಕಿಸಿ ಹೊರುವಾಗ ಬಕೆಟ್ಟು ಯಾರ ಕಡೆಗೆ ಜಾರಿದರೆ ಯಾರಿಗೆ ಭಾರ ಎಂಬುದು ಯಾವ ಮೇಷ್ಟ್ರೂ ಹೇಳದೆ ಗೊತ್ತಾಯಿತು.

ಇನ್ನು ಚಿತ್ರಕಲೆಯ ಮೇಷ್ಟ್ರು. ಅವರದು ಬೇರೆಯೇ ಪುರಾಣ. ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ, ಸಂಗೀತ, ಹೊಲಿಗೆಯ ಶಿಕ್ಷಕರಿಗೆ ವಿಶೇಷ ಶಿಕ್ಷಕರು ಎಂದು ಹೆಸರು. ಎಷ್ಟು ವಿಶೇಷವೆಂದರೆ ಅವರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದು ಅಪರೂಪ. ಇರುವವರಿಗಾದರೂ ಚಿತ್ರ ಕಲಿಸಲು ಬಿಡುವು ಎಲ್ಲಿ? ವಾರ್ಷಿಕೋತ್ಸವದ ಪರದೆ ಬರೆಯಬೇಕು, ಪ್ರಶಸ್ತಿ ಪತ್ರಗಳಲ್ಲಿ ಚಂದದ ಅಕ್ಷರದಲ್ಲಿ ಹೆಸರು ತುಂಬಬೇಕು, ಗೋಡೆಯ ಮೇಲೆ ನುಡಿಮುತ್ತು ಬರೆಯಬೇಕು, ಅಧಿಕಾರಿಗಳು ಬರುವ ಹಿಂದಿನ ದಿನ ರಕ್ತಪರಿಚಲನೆಯ ಚಾರ್ಟು ಮಾಡಿಕೊಡಬೇಕು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದರೆ ಅವರ ಪೀರಿಯಡ್ಡನ್ನು ಗಣಿತದವರು ಸಾಲ ತೆಗೆದುಕೊಳ್ಳುತ್ತಾರೆ. ಆ ಸಾಲ ತೀರಿದ್ದನ್ನು ಕಂಡವರಿಲ್ಲ.

ಗಣಿತದವರು ಸಾಲ ತೆಗೆದುಕೊಳ್ಳುವ ಬದಲು ಕ್ಲಾಸಿನೊಳಗೆ ಚಿತ್ರದವರ ಜೊತೆಗೇ ನಿಂತಿದ್ದರೆ ಏನಾಗುತ್ತಿತ್ತು? ರಂಗೋಲಿಯನ್ನು ನೋಡಿ. ಚುಕ್ಕಿ ಸೇರಿಸುವ ರಂಗೋಲಿ ಒಂದು ಬಗೆ. ಚುಕ್ಕಿಗೆ ತಾಗದೆ, ಅವುಗಳ ಸಂದಿಯಲ್ಲಿ ಓರೆಯಾಗಿ ಹರಿದು, ಅಂಚಿಗೆ ಬಂದಾಗ ತಿರುಗಿ, ಎಲ್ಲ ಚುಕ್ಕಿಯನ್ನೂ ಸುತ್ತುವರಿಯುವ ಎಳೆಯ ರಂಗೋಲಿ ಇನ್ನೊಂದು ಬಗೆ. ಈ ಎರಡನೆಯದರಲ್ಲಿ ಒಂದು ಗುಟ್ಟಿದೆ. ಎರಡು ಸಾಲು, ಸಾಲಿಗೆ ಮೂರು ಚುಕ್ಕಿ ಇಟ್ಟು ಎಳೆದರೆ ಕೈ ಎತ್ತದೆ ಒಂದೇ ಎಳೆಯಲ್ಲಿ ಮುಗಿಯುತ್ತದೆ. ಎರಡಕ್ಕೆ ಎರಡು ಇಟ್ಟರೆ ಒಂದರಲ್ಲಿ ಮುಗಿಯುವುದಿಲ್ಲ, ಎರಡು ಎಳೆ ಬೇಕು. ಮೂರಕ್ಕೆ ನಾಲ್ಕು ಇಟ್ಟರೆ ಮತ್ತೆ ಒಂದೇ. ನಾಲ್ಕಕ್ಕೆ ಆರು ಇಟ್ಟರೆ ಎರಡು. ಐದಕ್ಕೆ ಐದಾದರೆ ಐದು. ಮಕ್ಕಳನ್ನು ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣ ಕೊಟ್ಟು ಬಿಟ್ಟರೆ, ಮಧ್ಯಾಹ್ನದೊಳಗೆ ಯಾವಳೋ ಒಬ್ಬಳು ಎದ್ದು ನಿಂತು, ಎರಡು ಅಂಕಿಯನ್ನೂ ಭಾಗಿಸುವ ದೊಡ್ಡ ಅಂಕಿ ಯಾವುದೋ ಅಷ್ಟು ಎಳೆ ಬರುತ್ತವೆ ಎನ್ನುತ್ತಾಳೆ. ಅದೇ ಮ.ಸಾ.ಅ. ಆರನೆಯ ತರಗತಿಯಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ ಮಹತ್ತಮ ಸಾಮಾನ್ಯ ಅಪವರ್ತನ. ಅದು ಅಜ್ಜಿಯ ಅಂಗಳದಲ್ಲಿ ಬಿದ್ದುಕೊಂಡಿತ್ತು, ನಾವು ಅದರ ಮೇಲೆ ಕಾಲಿಟ್ಟು ಬೈಸಿಕೊಳ್ಳುತ್ತಿದ್ದೆವು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ತಮಿಳು ಹೆಂಗಸರ ಕೋಲಂಗೆ ವ್ಯಾಕರಣ ಬರೆದರು. ಕಂಪ್ಯೂಟರ್ ಭಾಷೆಗಳಿಗೆ ಬರೆಯುತ್ತಾರಲ್ಲ, ಅಂಥ ವ್ಯಾಕರಣ. ನಮ್ಮ ಪ್ರತಿಭಾ ಕಾರಂಜಿಯಲ್ಲೂ ರಂಗೋಲಿ ಸ್ಪರ್ಧೆ ಇದೆ. ತೀರ್ಪುಗಾರರು ಬಣ್ಣ ನೋಡಿ ಅಂಕ ಹಾಕಿ ಕ್ಲಸ್ಟರಿನಿಂದ ತಾಲ್ಲೂಕಿಗೆ ಕಳಿಸುತ್ತಾರೆ.

ಸ್ಪರ್ಧೆ ಎಂದಾಗ ವಿಜ್ಞಾನ ವಸ್ತುಪ್ರದರ್ಶನ ನೆನಪಾಯಿತು. ಯಾವ ತಾಲ್ಲೂಕಿಗೆ ಹೋದರೂ ಅದರಲ್ಲಿ ಥರ್ಮಕೋಲಿನದೇ ರಾಜ್ಯಭಾರ. ಥರ್ಮಕೋಲಿನ ಮಳೆಕೊಯ್ಲು, ಥರ್ಮಕೋಲಿನ ಸೌರಮಂಡಲ, ಥರ್ಮಕೋಲಿನ ಮೂತ್ರಪಿಂಡ. ಪರಿಸರ ಮಾಲಿನ್ಯದ ಮಾದರಿ ಕೂಡ ಥರ್ಮಕೋಲಿನದೇ. ಮಾದರಿಯ ಹಿಂದೆ ಮಗು, ಮಗುವಿನ ಹಿಂದೆ ಅಪ್ಪ ಅಥವಾ ಮೇಷ್ಟ್ರು. "ಗೌರವಾನ್ವಿತ ಅತಿಥಿಗಳೇ" ಎಂದು ಶುರುಮಾಡಿದ ಮಗು ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸುತ್ತದೆ. ನಡುವೆ ಒಂದು ಪ್ರಶ್ನೆ ಕೇಳಿದರೆ ಮತ್ತೆ ಗೌರವಾನ್ವಿತ ಅತಿಥಿಗಳಿಂದಲೇ ಆರಂಭಿಸಬೇಕಾಗುತ್ತದೆ. ಪ್ರತಿ ಪ್ರದರ್ಶನದಲ್ಲೂ ಒಂದು ಜ್ವಾಲಾಮುಖಿ ಇದ್ದೇ ಇರುತ್ತದೆ. ಅಡಿಗೆ ಸೋಡಾ, ವಿನೆಗರ್, ಕೆಂಪು ಬಣ್ಣ. ವಿಜಯಪುರದ ಕಡೆಯ ಶಾಲೆಯೊಂದರಲ್ಲಿ ಈ ಸೋಡಾ ಲಾವಾ ಉಕ್ಕುವಾಗ ಅದನ್ನು ಸುತ್ತುವರಿದು ಚಪ್ಪಾಳೆ ತಟ್ಟುವವರೆಲ್ಲ ನಿಂತಿರುವುದು ನಿಜವಾದ ಲಾವಾದ ಮೇಲೆ. ಬೆಳಗಾವಿಯಿಂದ ಬೀದರ್‌ವರೆಗೆ ನಮ್ಮ ಉತ್ತರದ ಜಿಲ್ಲೆಗಳ ಬಹುಭಾಗ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆ. ಅಲ್ಲಿನ ಎರೆಮಣ್ಣು ಹುಟ್ಟಿದ್ದೇ ಅದು ಸವೆದು. ಗೋಲಗುಮ್ಮಟ ಕಟ್ಟಿದ್ದು ಅದೇ ಕಲ್ಲಿನಲ್ಲಿ. ಶಾಲೆಯ ಬಾವಿ ತೋಡಿದಾಗ ಬಂದ ಕಲ್ಲಿನಲ್ಲಿ ಗುಳಿಗುಳಿ ತೂತುಗಳಿದ್ದರೆ ಅವು ಆ ಲಾವಾದೊಳಗೆ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು. ಆ ಒಂದು ಕಲ್ಲನ್ನು ತಂದು ಮೇಜಿನ ಮೇಲಿಟ್ಟರೆ ಬಹುಮಾನ ಬರುತ್ತದೆಯೇ? ಬರುವುದಿಲ್ಲ. ಮಿಂಚಿನ ಪುಡಿ ಹಚ್ಚಿಲ್ಲವಲ್ಲ.

ಹಾಗೆಂದು ನಮ್ಮಲ್ಲಿ ಎಲ್ಲವೂ ಬೀಗ, ಎಲ್ಲವೂ ಥರ್ಮಕೋಲು ಎಂದರೆ ಪಾಪ ಸುತ್ತಿಕೊಳ್ಳುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ-ಕಲಿ ಹುಟ್ಟಿತು. ಅಲ್ಲಿನ ಸರ್ಕಾರಿ ಮೇಷ್ಟ್ರುಗಳೇ ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದು, ತಮ್ಮಲ್ಲಿ ಮಾಡಿದರು. ಕಲಿಕೆಯ ಏಣಿ, ಹವಾಮಾನ ನಕ್ಷೆ, ಗೋಡೆಯ ಬುಡದುದ್ದಕ್ಕೂ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ. ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು ಚಪ್ಪರ. ತರಗತಿಯ ಉದ್ದಗಲಕ್ಕೂ ದಾರ ಕಟ್ಟಿ, ಮಕ್ಕಳು ಕತ್ತರಿಸಿದ, ಬರೆದ, ಅಂಟಿಸಿದ, ಮಡಚಿದ್ದನ್ನೆಲ್ಲ ತೂಗುಹಾಕುತ್ತಾರೆ. ಗಾಳಿ ಬಂದರೆ ಇಡೀ ತರಗತಿ ಅಲುಗುತ್ತದೆ. ಹರಿದುಹೋದರೆ ಇನ್ನೊಂದು ಮಾಡಿ ಕಟ್ಟುತ್ತಾರೆ, ಅಷ್ಟೇ. ಚಪ್ಪರಕ್ಕೆ ಸ್ಟಾಕ್ ರಿಜಿಸ್ಟರು ಇಲ್ಲದಿರುವುದರಿಂದಲೇ ಅದು ಚಪ್ಪರವಾಗಿ ಉಳಿದಿದೆ ಎಂದು ನನ್ನ ನಂಬಿಕೆ. ಆದರೆ ಮೂರನೆಯ ತರಗತಿ ದಾಟಿದ ಮಗು ಚಪ್ಪರದಿಂದ ಹೊರಬಂದು ಸೀದಾ ಬೆಂಚಿನ ಮೇಲೆ ಬೀಳುತ್ತದೆ. ಒಂದರಿಂದ ಮೂರರವರೆಗೆ ಕೈಯಿಂದ ಕಲಿತದ್ದು ನಾಲ್ಕರಿಂದ ಕಿವಿಯಿಂದ ಕಲಿಯಬೇಕು ಎಂದು ಯಾವ ಮನಶ್ಶಾಸ್ತ್ರ ಹೇಳಿದೆಯೋ.

ಗಾಡಿಯ ಮೇಲೆ ಬರುವ ವಿಜ್ಞಾನವೂ ಇದೆ. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದವರು ನಮ್ಮ ಗಡಿಗೆ ತಾಗಿದ ಕುಪ್ಪಂನಲ್ಲಿ ದೊಡ್ಡ ಕೇಂದ್ರ ಕಟ್ಟಿ, ಅದರ ಜೊತೆಗೆ ವ್ಯಾನುಗಳಲ್ಲಿ, ಮೋಟಾರು ಬೈಕುಗಳಲ್ಲಿ ಪ್ರಯೋಗದ ಸಾಮಾನು ಹೊತ್ತು ಹಳ್ಳಿ ಶಾಲೆಗಳಿಗೆ ಹೋಗುತ್ತಾರೆ. ಬೈಕಿನ ಪೆಟ್ಟಿಗೆಯ ಮುಚ್ಚಳ ತೆರೆದರೆ ಮಕ್ಕಳು ಮುಟ್ಟಬಹುದು, ತಿರುಗಿಸಬಹುದು. ಸಂಜೆಗೆ ಬೈಕು ಹೊರಡುತ್ತದೆ. ಮುಂದಿನ ಸಲ ಬರುವವರೆಗೆ ಮತ್ತೆ ಬೀರು.

ಈಗ ಹೊಸ ಬೀರು ಬಂದಿದೆ. 2016ರಲ್ಲಿ ಕೇಂದ್ರ ಸರ್ಕಾರ ಅಟಲ್ ಟಿಂಕರಿಂಗ್ ಲ್ಯಾಬ್ ಶುರುಮಾಡಿತು. ಆರರಿಂದ ಹನ್ನೆರಡನೆಯ ತರಗತಿಯವರಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿ. ಸೆನ್ಸರು, ಮೋಟಾರು, ತ್ರೀಡಿ ಪ್ರಿಂಟರು. 2025ರ ಬಜೆಟ್ಟಿನಲ್ಲಿ ಐದು ವರ್ಷದೊಳಗೆ ಸರ್ಕಾರಿ ಶಾಲೆಗಳಿಗೆ ಇಂಥ 50,000 ಲ್ಯಾಬು ಎಂದು ಘೋಷಿಸಿದರು. ಒಳ್ಳೆಯದೇ. ಹುಡುಗರು ತೇವ ತಿಳಿಸುವ ಸೆನ್ಸರನ್ನು ತೋಟಕ್ಕೆ ನೆಟ್ಟು, ಮೋಟಾರು ತಾನಾಗಿ ನಿಲ್ಲುವಂತೆ ಮಾಡುವ ಲ್ಯಾಬುಗಳೂ ಇವೆ. ಆದರೆ 20 ಲಕ್ಷದ ಕೋಣೆಗೆ ಸಹಜವಾಗಿಯೇ ದೊಡ್ಡ ಬೀಗ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು. ತ್ರೀಡಿ ಪ್ರಿಂಟರಿನಲ್ಲಿ ಅತಿಥಿಗಳಿಗೆ ಕೊಡಲು ಕೀ ಚೈನು ಅಚ್ಚಾಗುತ್ತದೆ. ಈ ಲ್ಯಾಬುಗಳಲ್ಲಿ ಬಳಸುವ ಆರ್ಡುಯಿನೊ ಎಂಬ ಸಣ್ಣ ಹಲಗೆ ಹುಟ್ಟಿದ್ದು ಇಟಲಿಯ ಇವ್ರೆಯ ಎಂಬ ಊರಿನಲ್ಲಿ, 2005ರ ಸುಮಾರಿಗೆ. ಮಾಡಿದವರು ವಿನ್ಯಾಸ ಕಲಿಸುವ ಮೇಷ್ಟ್ರುಗಳು. ಮಾಡಿದ್ದು ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ಕಲೆಯ, ವಿನ್ಯಾಸದ ಹುಡುಗರಿಗಾಗಿ. ಅವರ ಗುರಿಯೇ ಅದು ಅಗ್ಗವಾಗಿರಬೇಕು ಎಂಬುದು. ತಂತಿ ತಪ್ಪಾಗಿ ಜೋಡಿಸಿ ಸುಟ್ಟುಹಾಕಿದರೆ ಇನ್ನೊಂದು ಕೊಂಡರಾಯಿತು, ಪ್ರಳಯವೇನೂ ಆಗಬಾರದು. ಅದರ ನಕ್ಷೆಯನ್ನೂ ಬಚ್ಚಿಡಲಿಲ್ಲ, ಯಾರು ಬೇಕಾದರೂ ನಕಲು ಮಾಡಿಕೊಳ್ಳಿ ಎಂದರು. ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಅದರ ನಕಲು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸುಡಲೆಂದೇ ಅಗ್ಗ ಮಾಡಿದ ಹಲಗೆ ನಮ್ಮಲ್ಲಿಗೆ ಬಂದು ನಂಬರು ಹಾಕಿಸಿಕೊಂಡು ಗಾಜಿನ ಬಾಗಿಲ ಹಿಂದೆ ಕೂತಿದೆ.

ಇದಕ್ಕೆ ನನ್ನದೊಂದು ಸಲಹೆ. ಸರ್ಕಾರಕ್ಕೆ ಸಲಹೆ ಕೊಡುವುದು ಹರಟೆಗಾರರ ಆಜನ್ಮಸಿದ್ಧ ಹಕ್ಕು. ಪ್ರತಿ ಶಾಲೆಗೆ ವರ್ಷಕ್ಕಿಷ್ಟು ಎಂದು ಒಡೆಯುವ ಬಾಬ್ತು ಮಂಜೂರು ಮಾಡಬೇಕು. ಹತ್ತರಲ್ಲಿ ಒಂದು ಸಾಮಾನು ಒಡೆದರೆ, ಸುಟ್ಟರೆ, ಕಳೆದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಮಾರ್ಚ್ ಕೊನೆಗೆ ಎಲ್ಲ ಬೀಕರೂ ಮೊದಲಿದ್ದಷ್ಟೇ ಇದ್ದು, ಒಂದೂ ಒಡೆದಿಲ್ಲದ ಶಾಲೆಯಿದ್ದರೆ ಆ ಶಾಲೆಗೆ ಕಾರಣ ಕೇಳಿ ನೋಟಿಸು. "ನಿಮ್ಮ ಶಾಲೆಯಲ್ಲಿ ಸದರಿ ಸಾಲಿನಲ್ಲಿ ಒಂದೂ ಪ್ರನಾಳ ಒಡೆಯದೇ ಇರುವುದು ಈ ಕಛೇರಿಯ ಗಮನಕ್ಕೆ ಬಂದಿರುತ್ತದೆ. ಏಳು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು." ಇದನ್ನು ನನ್ನ ಪರಿಚಯದ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಸ್ವಾಮಿ, ನೋಟಿಸು ಬಂದರೆ ಬೀರುವಿನಿಂದ ಎರಡು ಪ್ರನಾಳ ತೆಗೆದು ನಾವೇ ಗೋಡೆಗೆ ಹೊಡೆದು ರಿಜಿಸ್ಟರಿನಲ್ಲಿ ಬರೀತೇವೆ" ಎಂದರು. ಅನುಭವದ ಮುಂದೆ ಸಲಹೆ ನಿಲ್ಲುವುದಿಲ್ಲ.

ಆದ್ದರಿಂದ ಬೀರುವಿನ ಸಹವಾಸವೇ ಬೇಡದ ಒಂದು ಪ್ರಯೋಗಕ್ಕೆ ಬರುತ್ತೇನೆ. ಬೇಕಾದದ್ದು ಒಂದು ಕೋಲು ಮತ್ತು ಬಿಸಿಲು. ಕರ್ನಾಟಕವಿಡೀ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿರುವುದರಿಂದ ವರ್ಷಕ್ಕೆ ಎರಡು ದಿನ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿಗೆ ಅದು ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ಬಿಸಿಲು ಧಗಧಗ, ಶಾಲೆಗೆ ರಜೆ. ಆಗಸ್ಟ್‌ನಲ್ಲಿ ಶಾಲೆ ಇದೆ, ಆಕಾಶದ ತುಂಬ ಮೋಡ. ಶಿಕ್ಷಣ ಇಲಾಖೆಯ ವೇಳಾಪಟ್ಟಿಯನ್ನು ಸೂರ್ಯ ಓದಿಕೊಂಡು ಬಂದಂತಿಲ್ಲ.

ಇರಲಿ, ಡಿಸೆಂಬರ್ 21ಕ್ಕೆ ಕಾಯೋಣ. ಮೋಡವಿಲ್ಲ, ಕ್ರಿಸ್‌ಮಸ್ ರಜೆಗೆ ಇನ್ನೂ ನಾಲ್ಕು ದಿನ ಇದೆ. ಅಖಂಡ ಕರ್ನಾಟಕ ಎನ್ನುವಾಗ ನಮ್ಮ ಭಾಷಣಕಾರರು ಬೀದರ್‌ನಿಂದ ಚಾಮರಾಜನಗರದವರೆಗೆ ಎನ್ನುತ್ತಾರಲ್ಲ, ಆ ಮಾತನ್ನೇ ಹಿಡಿಯೋಣ. ಬೀದರ್ ಇರುವುದು ಹೆಚ್ಚುಕಡಿಮೆ 18 ಡಿಗ್ರಿ ಅಕ್ಷಾಂಶದಲ್ಲಿ, ಚಾಮರಾಜನಗರ 12ರಲ್ಲಿ. ಒಂದರ ಕೆಳಗೆ ಒಂದು ಇಟ್ಟಂತೆ ಇವೆ, ರೇಖಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ಕಡೆಯ ಒಂದೊಂದು ಸರ್ಕಾರಿ ಶಾಲೆಯ ಮಕ್ಕಳು ಡಿಸೆಂಬರ್ 21ರಂದು ಮೈದಾನದಲ್ಲಿ ನೆಲದಿಂದ ಮೇಲೆ ಸರಿಯಾಗಿ ಒಂದು ಮೀಟರ್ ಇರುವಂತೆ ಕೋಲು ನೆಡಬೇಕು. ಹನ್ನೆರಡು ಗಂಟೆಯಿಂದ ಎರಡೆರಡು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲಿಡುತ್ತಾ ಹೋಗಬೇಕು. ನೆರಳು ಕುಗ್ಗುತ್ತಾ ಬಂದು, ಬಿಸಿಯೂಟದ ಗಂಟೆಗೆ ಮುಂಚೆ, ಹನ್ನೆರಡು ಇಪ್ಪತ್ತರ ಸುಮಾರಿಗೆ ಅತಿ ಚಿಕ್ಕದಾಗಿ ಮತ್ತೆ ಬೆಳೆಯಲು ತೊಡಗುತ್ತದೆ. ಗಡಿಯಾರದ ಹನ್ನೆರಡಕ್ಕೂ ಸೂರ್ಯನ ಹನ್ನೆರಡಕ್ಕೂ ಇಪ್ಪತ್ತು ನಿಮಿಷ ಅಂತರ ಯಾಕೆ ಎಂದು ಅಲ್ಲೇ ಒಬ್ಬ ಕೇಳುತ್ತಾನೆ. ಅದಕ್ಕೆ ಉತ್ತರ ಹುಡುಕಲು ನಾಳೆಯ ಪೀರಿಯಡ್ಡು ಇದೆ, ಗಣಿತದವರು ಸಾಲ ಕೇಳದಿದ್ದರೆ.

ಅತಿ ಚಿಕ್ಕ ನೆರಳು ಬೀದರ್‌ನಲ್ಲಿ 88 ಸೆಂಟಿಮೀಟರ್ ಆಸುಪಾಸು ಬರುತ್ತದೆ, ಚಾಮರಾಜನಗರದಲ್ಲಿ 71ರ ಆಸುಪಾಸು. ತ್ರಿಕೋನಮಿತಿ ಬೇಡ. ಕೋಲನ್ನೂ ನೆರಳನ್ನೂ ಅಳತೆಗೆ ತಕ್ಕಂತೆ ಹಾಳೆಯ ಮೇಲೆ ಬರೆದು, ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟರೆ ಬಿಸಿಲು ಕೋಲಿನಿಂದ ಎಷ್ಟು ವಾಲಿದೆ ಎಂದು ಸಿಗುತ್ತದೆ: ಅಲ್ಲಿ 41 ಡಿಗ್ರಿ, ಇಲ್ಲಿ 35. ಇಬ್ಬರಿಗೂ ಅದೇ ಸೂರ್ಯ, ಅದೇ ಅಳತೆಯ ಕೋಲು. ಆರು ಡಿಗ್ರಿ ವ್ಯತ್ಯಾಸ ಬಂದದ್ದು ನೆಲ ಬಾಗಿರುವುದರಿಂದ. ಪೂರ್ತಿ ಸುತ್ತಿಗೆ 360 ಡಿಗ್ರಿ, ಅಂದರೆ ಆರರ ಅರವತ್ತು ಪಾಲು. ಎರಡು ಊರುಗಳ ನಡುವಿನ ನೇರ ದೂರವನ್ನು ಭೂಪಟದ ಮೇಲೆ ಅಡಿಪಟ್ಟಿ ಇಟ್ಟು ಅಳೆದರೆ ಸುಮಾರು 665 ಕಿಲೋಮೀಟರ್. ಅರವತ್ತರಿಂದ ಗುಣಿಸಿದರೆ 39,900. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನೆರಳು ಹಿಡಿದು ಮಾಡಿದ್ದು ಇದನ್ನೇ. ಅವನಿಗೆ ಫೋನು ಇರಲಿಲ್ಲ, ನಮ್ಮ ಮೇಷ್ಟ್ರುಗಳ ಹತ್ತಿರ ವಾಟ್ಸಾಪ್ ಇದೆ.

ಲೆಕ್ಕ ಇಷ್ಟು ಚೊಕ್ಕವಾಗಿ ಕೂರುವುದು ನನ್ನ ಹಾಳೆಯ ಮೇಲೆ ಮಾತ್ರ. ಮೈದಾನದಲ್ಲಿ ಕೋಲು ವಾಲುತ್ತದೆ, ನೆರಳಿನ ತುದಿ ಮಸುಕಾಗಿರುತ್ತದೆ, ಕೋನಮಾಪಕವನ್ನು ಅರ್ಧ ಡಿಗ್ರಿ ಆಚೀಚೆ ಇಡುತ್ತಾರೆ. ಆರು ಡಿಗ್ರಿ ಇರಬೇಕಾದಲ್ಲಿ ಐದು ಬಂದರೆ ಭೂಮಿ ಒಮ್ಮೆಗೇ ಎಂಟು ಸಾವಿರ ಕಿಲೋಮೀಟರ್ ಉಬ್ಬುತ್ತದೆ. ಏಳು ಬಂದರೆ ಸೊರಗಿ 34,000ಕ್ಕೆ ಇಳಿಯುತ್ತದೆ. ಆಗ ನೋಡಬೇಕು ಮಜಾ. ಸ್ಪೀಕರಿಗೆ ಹಾಕಿದ ಫೋನಿನ ಆ ಕಡೆಯಿಂದ ಬೀದರ್‌ನ ಹುಡುಗಿ, "ನಿಮ್ಮ ಕೋಲು ವಾಲ್ಯಾದ, ಮೊದಲು ಅದನ್ನ ನೆಟ್ಟಗ ಮಾಡ್ರಿ" ಎನ್ನುತ್ತಾಳೆ. ಈ ಕಡೆಯಿಂದ ಚಾಮರಾಜನಗರದ ಹುಡುಗ, "ನಮ್ದು ನೆಟ್ಟಗೇ ಅದ ಕನಕ್ಕ, ದಾರ ಕಟ್ಟಿ ಕಲ್ಲು ಇಳೀಬುಟ್ಟು ನೋಡಿವಿ, ನಿಮ್ಮ ನೆಲವೇ ಸೊಟ್ಟಗಿದ್ದಾದು, ನೀರು ಉಯ್ದು ನೋಡಿ" ಎನ್ನುತ್ತಾನೆ. ಬಿಸಿಯೂಟದ ಗಂಟೆ ಎರಡೂ ಕಡೆ ಹೊಡೆಯುತ್ತದೆ, ಯಾರೂ ಏಳುವುದಿಲ್ಲ.